ಕಿವಿ ಮುಟ್ಟದ ಕೈ

ಆ ಕಲಮು ಬರೆದವನು ನಾನು. ಮಕ್ಕಳ ಕಾಯ್ದೆಯ ಆರನೆಯ ಕಲಮು. ಹೈದರಾಬಾದಿನ ಸಮಿತಿಯವರು ಅದರ ಒಂದಕ್ಷರವನ್ನೂ ತಿದ್ದದೆ ತೆಗೆದುಕೊಂಡರೆಂದು ಆರು ತಿಂಗಳು ಎದೆ ಉಬ್ಬಿಸಿಕೊಂಡು ತಿರುಗಿದವನೂ ನಾನೇ. ಈಗ ವಕೀಲರ ಕೋಣೆಯಲ್ಲಿ ಯಾರಾದರೂ ಅದನ್ನು ಹೊಗಳಿದರೆ ಎದ್ದು ಹೊರಗೆ ಹೋಗುತ್ತೇನೆ. ಹೊಗಳುವವರಿಗೆ ತುಕಾರಾಮನ ಸಂಗತಿ ಗೊತ್ತಿಲ್ಲ. ಗೊತ್ತಿರುವ ಇಬ್ಬರು ಮೂವರು ನನ್ನೆದುರು ಆ ಮಾತು ಎತ್ತುವುದಿಲ್ಲ.

ನನ್ನ ಹೆಸರು ಜಗದೇವಪ್ಪ. ಕಮಲಾಪುರದವನು. ವಕೀಲನಾಗುವ ಮೊದಲು ಎರಡು ವರ್ಷ ನಮ್ಮೂರ ಸಾಲೆಯಲ್ಲಿ ಮಾಸ್ತರನಾಗಿದ್ದೆ. ಆಮೇಲೆ ಹೈದರಾಬಾದಿಗೆ ಹೋಗಿ ಉರ್ದುವಿನಲ್ಲಿ ಕಾನೂನು ಓದಿದೆ. ವಕೀಲಿ ಮಾಡಲು ಸರಕಾರ ಕೊಡುವ ಸನದನ್ನು ಚೌಕಟ್ಟಿನಲ್ಲಿ ಹಾಕಿಸಿಕೊಂಡು, ಪೊಲೀಸ್ ಆ್ಯಕ್ಷನ್ ಆಗಿ ನಿಜಾಮರ ರಾಜ್ಯ ಭಾರತಕ್ಕೆ ಸೇರಿದ ಮರುವರ್ಷ ಕಲಬುರಗಿಗೆ ಬಂದೆ. ಸ್ಟೇಶನ್ ಬಜಾರದಲ್ಲಿ ಅರಿವೆ ಅಂಗಡಿಯ ಮೇಲಿನ ಕೋಣೆ ನನ್ನ ಕಚೇರಿ. ಸನದಿನ ಚೌಕಟ್ಟು ನನ್ನ ಕುರ್ಚಿಯ ಹಿಂದೆ, ಬಂದವರ ಕಣ್ಣಿಗೆ ಮೊದಲು ಬೀಳುವಂತೆ ತೂಗುತ್ತಿತ್ತು. ಅದರ ಮೇಲೆ ನನಗೆ ಎಷ್ಟು ಮೋಹವಿತ್ತೆಂದರೆ ದಿನಾ ಬೆಳಗ್ಗೆ ಧೋತರದ ಸೆರಗಿನಿಂದ ನಾನೇ ಒರೆಸುತ್ತಿದ್ದೆ.

ನನ್ನ ಗುಮಾಸ್ತ ನಬಿಸಾಬ್. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವನು. ನಾನು ಗೀಚಿದ್ದನ್ನೆಲ್ಲ ಅಂದವಾಗಿ ನಕಲು ಮಾಡುವುದು ಅವನ ಕೆಲಸ. ಅವನಿಗೆ ಒಬ್ಬನೇ ಮಗ, ಚಾಂದಪಾಶಾ. ಪೊಲೀಸ್ ಆ್ಯಕ್ಷನ್ ಆದ ವಾರದಲ್ಲಿ, ಯಾರನ್ನು ಯಾರು ಹಿಡಿದರು, ಯಾಕೆ ಹಿಡಿದರು ಎಂದು ಕೇಳುವವರಿಲ್ಲದಿದ್ದಾಗ, ಯಾರೋ ಈ ಹುಡುಗ ನಿಜಾಮರ ಪರ ದಂಡು ಕಟ್ಟಿದ್ದ ರಜಾಕಾರರ ಮೆರವಣಿಗೆಯಲ್ಲಿದ್ದ ಎಂದು ಬೆರಳು ತೋರಿಸಿದರು. ಹುಡುಗನಿಗೆ ಹದಿಮೂರು ವರ್ಷ. ಎತ್ತರದ ಆಳು. ಜಮಾದಾರ ಅವನ ಮೇಲ್ದುಟಿಯನ್ನು ಹೆಬ್ಬೆರಳಿನಿಂದ ಎತ್ತಿ ನೋಡಿ, "ಮೀಸಿ ಬರಾಕತ್ಯಾವ, ಹದಿನೆಂಟು ಅಂತ ಬರಕೋ" ಎಂದ. ನಬಿಸಾಬ್ ಸಾಲೆಯ ಚೀಟಿ ತಂದು ತೋರಿಸಿದ. ಇಂಥ ಚೀಟಿ ಯಾರು ಬೇಕಾದರೂ ಬರೆಸಬಹುದು ಎಂದರು. ಕೊನೆಯ ದಿನ ಹಳ್ಳಿಯ ಪಟೇಲನೊಬ್ಬ ಎಲ್ಲಿಂದಲೋ ಬಂದು, ಈ ಹುಡುಗ ಹುಟ್ಟಿ ಹತ್ತೊಂಬತ್ತು ವರ್ಷವಾಯಿತು, ನಾನೇ ಕಂಡಿದ್ದೇನೆ ಎಂದು ಸಾಕ್ಷಿ ಹೇಳಿದ. ಹುಡುಗ ಎಂಟು ತಿಂಗಳು ದೊಡ್ಡವರ ಜೈಲಿನಲ್ಲಿದ್ದ. ಆಮೇಲೆ ತಪ್ಪಾಯಿತೆಂದು ಬಿಟ್ಟರು. ಮನೆಗೆ ಬಂದವನು ಮಾತಾಡಲಿಲ್ಲ. ಇನ್ನೂ ಮಾತಾಡಿಲ್ಲ.

ಹತ್ತೊಂಬತ್ತುನೂರ ಐವತ್ತೊಂದರಲ್ಲಿ ಹೈದರಾಬಾದಿನಿಂದ ಒಂದು ಲಕೋಟೆ ಬಂತು. ಅಪರಾಧ ಮಾಡಿದ ಮಕ್ಕಳಿಗೆ ಬೇರೆ ಕಾನೂನು ಆಗಬೇಕೆಂದು ಕರಡು ತಯಾರಾಗಿದೆ, ಜಿಲ್ಲೆಯ ವಕೀಲರು ಅಭಿಪ್ರಾಯ ಕಳಿಸಬೇಕು ಎಂದು. ಜೊತೆಗೆ ಇಂಗ್ಲಿಷಿನ ಒಂದು ಹಾಳೆ. ಮೊದಲ ಮಹಾಯುದ್ಧ ಮುಗಿದ ಮೇಲೆ ಜಿನೀವಾ ಎಂಬ ಊರಿನಲ್ಲಿ ನಾನಾ ದೇಶಗಳವರು ಕೂಡಿ ಮಕ್ಕಳ ಬಗ್ಗೆ ಒಪ್ಪಿಕೊಂಡ ಐದು ಮಾತು ಅದರಲ್ಲಿತ್ತು. ನಾನು ಅದನ್ನು ನಬಿಸಾಬನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಹಸಿದ ಮಗುವಿಗೆ ಊಟ ಸಿಗಬೇಕು. ಜಡ್ಡು ಬಿದ್ದ ಮಗುವಿಗೆ ಆರೈಕೆ. ಕಷ್ಟಕಾಲ ಬಂದರೆ ಮೊದಲು ಕೈ ಹಿಡಿಯಬೇಕಾದದ್ದು ಮಗುವನ್ನು. ದಾರಿ ತಪ್ಪಿದ ಮಗುವನ್ನು ಮತ್ತೆ ದಾರಿಗೆ ಹಚ್ಚಬೇಕು.

ನಬಿಸಾಬ್ ಲೇಖನಿ ಕೆಳಗಿಟ್ಟ. "ಈ ಕಾಗದ ಯಾವಾಗಿಂದ ಅದ ರೀ, ಸಾಹೇಬ್ರ?"

"ಇಪ್ಪತ್ತೇಳು ವರ್ಷ ಆತು."

"ಹಂಗಾರ ನಮ್ಮ ಚಾಂದಗ ಹಿಡದಾಗೂ ಇತ್ತಲ್ಲ."

"ಇತ್ತು," ಎಂದೆ. "ಜಿನೀವಾದಾಗ ಇತ್ತು."

ಅವನು ಲೇಖನಿಯನ್ನು ಮತ್ತೆ ದವತಿಯ ಶಾಯಿಯಲ್ಲಿ ಅದ್ದಿದ. "ಇಲ್ಲಿಗಿ ತರ್ರಿ ಮತ್ತ" ಎಂದ.

ತರಲು ಹೊರಟೆ. ಜಿನೀವಾದ ಕಾಗದ ಎಲ್ಲ ಹೇಳಿತ್ತು, ಮಗು ಅಂದರೆ ಎಷ್ಟು ವರ್ಷದವರೆಗೆ ಎಂಬುದನ್ನು ಮಾತ್ರ ಹೇಳಿರಲಿಲ್ಲ. ಹೈದರಾಬಾದಿನ ಕರಡು ಹದಿನಾರರ ಒಳಗಿನವರು ಎಂದಿತ್ತು. ಆದರೆ ವಯಸ್ಸನ್ನು ಗೊತ್ತುಮಾಡುವುದು ಕೋರ್ಟಿಗೆ ಕಂಡಂತೆ ಎಂದು ಬರೆದಿತ್ತು. ಕಂಡಂತೆ! ಜಮಾದಾರನ ಹೆಬ್ಬೆರಳು ನೆನಪಾಗಿ ನನಗೆ ಸಿಟ್ಟು ನೆತ್ತಿಗೇರಿತು. ಆ ಸಾಲನ್ನು ಕೆಂಪು ಶಾಯಿಯಿಂದ ಹೊಡೆದು ಹಾಕಿದೆ. ನಾನೂ ನಬಿಸಾಬನೂ ಮೂರು ದಿನ ಕೂತು ಬೇರೆ ಕಲಮು ಬರೆದೆವು. ಸಾಲೆಯ ರಿಜಿಸ್ಟರು ಇದ್ದಲ್ಲಿ ಅದರೊಳಗಿನ ಜನ್ಮದಿನವೇ ಅಂತಿಮ ಪುರಾವೆ. ಅದಕ್ಕೆ ತಕರಾರು ಇದ್ದವರು ರಿಜಿಸ್ಟರು ಕೋರ್ಟಿಗೆ ಹಾಜರಾದ ದಿನವೇ ಹೇಳತಕ್ಕದ್ದು. ಆ ದಿನ ದಾಟಿದ ಮೇಲೆ ಯಾರ ಸಾಕ್ಷಿಯನ್ನೂ ಕೇಳತಕ್ಕದ್ದಲ್ಲ. ಕೊನೆಯ ದಿನ ಓಡಿಬರುವ ಪಟೇಲನಿಗಾಗಿ ಆ ಕೊನೆಯ ಸಾಲು. ಅದನ್ನು ನಕಲು ಮಾಡುವಾಗ ನಬಿಸಾಬ್ ಲೇಖನಿಗೆ ಹೊಸ ಮುಳ್ಳು ಹಾಕಿಕೊಂಡ.

ಅಭಿಪ್ರಾಯ ಕಳಿಸುವ ಮೊದಲು ಜಿಲ್ಲೆಯ ವಕೀಲರ ಸಭೆ ಸೇರಿತು. ಅಧ್ಯಕ್ಷರು ಸೆಶನ್ಸ್ ಜಡ್ಜ್ ಜಹೀರುದ್ದೀನ್ ಸಾಹೇಬರು. ಮೆತ್ತಗೆ ಮಾತಾಡುವ, ತೂಕ ನೋಡಿ ಮಾತಾಡುವ ಮನುಷ್ಯ. ಕಲಮನ್ನು ಎರಡು ಸಲ ಓದಿ, ಕನ್ನಡಕ ತೆಗೆದು, ಉರ್ದುವಿನಲ್ಲಿ ಕೇಳಿದರು: "ವಕೀಲ್ ಸಾಹೇಬ್, ರಿಜಿಸ್ಟರೇ ತಪ್ಪಿದ್ದರೆ?"

"ಮಾಸ್ತರನಾದವನು ಮಗುವಿನ ಜನ್ಮದಿನ ಸುಳ್ಳು ಬರೆಯುತ್ತಾನೆಯೇ, ಹುಜೂರ್? ಬರೆದು ಅವನಿಗೇನು ಲಾಭ?" ಎಂದೆ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆ ಮಾತು ಆಡುವಾಗ ನನ್ನೊಳಗೆ ಏನೋ ಒಂದು ಚುಚ್ಚಿತು. ಮರೆತಿದ್ದೆ ಎಂದು ಹೇಳಿದರೆ ಸುಳ್ಳಾಗುತ್ತದೆ. ನೆನಪಾಯಿತು, ಪಕ್ಕಕ್ಕೆ ಸರಿಸಿದೆ.

ಕಾಯ್ದೆ ಜಾರಿಗೆ ಬಂದ ಮರುವರ್ಷ, ಐವತ್ತಮೂರರ ಜನವರಿ. ಒಂದು ಬೆಳಗ್ಗೆ ಕಮಲಾಪುರದ ಪುತಳಾಬಾಯಿ ಮೆಟ್ಟಿಲು ಹತ್ತಿ ಬಂದು ಹೊಸ್ತಿಲ ಹೊರಗೇ ನಿಂತಳು. ಒಳಗೆ ಬಾ ಎಂದರೂ ಬರಲಿಲ್ಲ. ನಮ್ಮೂರಿನಲ್ಲಿ ಅವಳ ಕೇರಿಯವರು ನಮ್ಮಂಥವರ ಹೊಸ್ತಿಲು ದಾಟುತ್ತಿರಲಿಲ್ಲ. ಆ ರೂಢಿ ಬಸ್ಸು ಹತ್ತಿ ಕಲಬುರಗಿಗೂ ಬಂದಿತ್ತು. ಅವಳ ಎರಡೂ ಮುಂಗೈಯಲ್ಲಿ ಹಗ್ಗದ ಬರೆ ಕಪ್ಪಾಗಿ ಕಾಣುತ್ತಿತ್ತು.

"ಮಾಸ್ತರ, ನಮ್ಮ ತುಕ್ಯಾಗ ಹಿಡಕೊಂಡು ಹೋಗ್ಯಾರ್ರಿ" ಎಂದಳು. ನಾನು ಮಾಸ್ತರಿಕೆ ಬಿಟ್ಟು ಹತ್ತು ವರ್ಷವಾಗಿದ್ದರೂ ಅವಳಿಗೆ ನಾನು ಮಾಸ್ತರನೇ.

ನಡೆದದ್ದು ಇಷ್ಟು. ಅವಳು ದೌಲಪ್ಪಗೌಡರ ಬಾಳೆ ತೋಟದಲ್ಲಿ ಕೂಲಿ. ಗಾಳಿಗೆ ಬಿದ್ದ ಗೊನೆಯಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಗೌಡರ ಆಳುಗಳು ನೋಡಿ, ಬಾವಿಯ ಕಂಬಕ್ಕೆ ಅವಳ ಕೈ ಕಟ್ಟಿ ಸಂಜೆಯ ತನಕ ನಿಲ್ಲಿಸಿದರು. ಬಂದುಹೋದವರೆಲ್ಲ ನೋಡಿದರು. ಮಗನೂ ನೋಡಿದ. ಮರುದಿನ ಮಧ್ಯಾಹ್ನ ಗೌಡರ ಕಣಿಕೆ ಬಣವೆಗೆ ಬೆಂಕಿ ಬಿತ್ತು. ಬಣವೆಯ ಆಚೆ ಮಗ್ಗುಲಿನ ನೆರಳಿನಲ್ಲಿ ಕಾವಲಿನ ಮುದುಕ ಖಂಡೆಪ್ಪ ಮಲಗಿದ್ದ. ಏಳಲಾಗದೆ ಅಲ್ಲೇ ಸತ್ತ.

ಖಂಡೆಪ್ಪ ಯಾರಿಗೂ ಕೇಡು ಬಗೆದವನಲ್ಲ. ತುಕಾರಾಮನಿಗೆ ಈಜು ಕಲಿಸಿದವನೇ ಅವನು.

"ಹಚ್ಚಿದ್ದು ತುಕಾರಾಮನೇ ಏನು?" ಎಂದು ಕೇಳಿದೆ.

"ಹೌದ್ರಿ. ಹಚ್ಚೀನಿ ಅಂತ ಅವನೇ ಹೇಳ್ಯಾನ. ಮುತ್ಯಾ ಅಲ್ಲಿ ಮಲಗ್ಯಾನಂತ ಗೊತ್ತಿದ್ದಿಲ್ರಿ ಅವಗ."

ನಬಿಸಾಬ್ ಮುಂದೆ ಬಾಗಿ, "ಎಷ್ಟು ವಯಸ್ಸವ್ವ ಮಗಗ?" ಎಂದ.

"ವರ್ಷದ ಲೆಕ್ಕ ನನಗೇನ್ ತಿಳೀತದ್ರಿ. ಗೌಡರ ತ್ವಾಟದ ಬಾವಿ ಕಟ್ಟಿದ ವರ್ಷ ಹುಟ್ಯಾನ. ಅದೇ ಬಾವಿಗಿ ಕಲ್ಲು ಹೊರಾಕತ್ತಿದ್ದೆ, ಬ್ಯಾನಿ ಬಂತು."

"ಸಾಲಿಗಿ ಹೋಗ್ಯಾನೇನು?"

"ಹೋಗ್ಯಾನ್ರಿ, ಮೂರು ವರ್ಷ. ಈ ಮಾಸ್ತರೇ ಹಚ್ಚಿಕೊಂಡಾರ."

ನಬಿಸಾಬನ ಮುಖ ಅರಳಿತು. ಮೂರೂವರೆ ವರ್ಷದಲ್ಲಿ ಆ ಮುಖ ಹಾಗೆ ಅರಳಿದ್ದು ನಾನು ಕಂಡಿರಲಿಲ್ಲ. "ಮುಗೀತು ಬಿಡವ್ವ" ಎಂದ. "ರಿಜಿಸ್ಟರದಾಗ ಬರದದ್ದು ಅದ. ಅದಕ್ಕ ಯಾವ ಜಮಾದಾರನೂ ಕೈ ಹಚ್ಚಂಗಿಲ್ಲ. ಸಾಹೇಬ್ರೇ ಕಾನೂನು ಮಾಡ್ಯಾರ."

ನಾನು ಇಬ್ಬರ ಮುಖವನ್ನೂ ನೋಡದೆ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದೆ. ಯಾಕೆಂದು ಹೇಳಿಬಿಡುತ್ತೇನೆ.

ನಾನು ಮಾಸ್ತರನಾಗಿದ್ದ ಎರಡನೆಯ ವರ್ಷ, ಸಾಲೆಯಲ್ಲಿ ಮೂವತ್ತು ಮಕ್ಕಳಿಲ್ಲದಿದ್ದರೆ ಸಾಲೆ ಮುಚ್ಚುತ್ತೇವೆಂದು ತನಿಖೆ ಸಾಹೇಬರಿಂದ ಹುಕುಂ ಬಂತು. ನನ್ನಲ್ಲಿ ಇದ್ದವರು ಇಪ್ಪತ್ತಮೂರು. ನನ್ನ ವಯಸ್ಸು ಇಪ್ಪತ್ತೊಂದು, ಮೊದಲ ನೌಕರಿ. ಅದು ಹೋದರೆ ಅಪ್ಪನ ಅಂಗಡಿಯಲ್ಲಿ ಬೆಲ್ಲ ತೂಗಬೇಕು. ಒಂದು ವಾರ ಮನೆ ಮನೆ ತಿರುಗಿ ಸಿಕ್ಕ ಮಕ್ಕಳನ್ನು ಎಳೆದು ತಂದೆ. ಸಾಲೆಗೆ ಸೇರಿಸಲು ಆರು ತುಂಬಿರಬೇಕು. ಜನ್ಮಪತ್ರ ಯಾರ ಹತ್ತಿರ ಇರುತ್ತದೆ? ನಮ್ಮ ಕಡೆ ಮಾಸ್ತರರೆಲ್ಲ ನೋಡುತ್ತಿದ್ದ ಪರೀಕ್ಷೆ ಒಂದೇ. ಮಗು ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಬೇಕು. ಮುಟ್ಟಿದರೆ ಆರು ತುಂಬಿತು. ಮುಟ್ಟದಿದ್ದರೆ ಮನೆಗೆ ಕಳಿಸು.

ಪುತಳಾಬಾಯಿ ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಿದ್ದಳು. ಸೊಂಟದ ಮೇಲೆ! ಅದನ್ನು ನೋಡಿಯಾದರೂ ನಾನು ಸುಮ್ಮನಾಗಬೇಕಿತ್ತು. ಕೆಳಗಿಳಿಸಿ, ಕೈ ಎತ್ತು ಎಂದೆ. ಕೈ ನೆತ್ತಿ ದಾಟಿ ಕೂದಲಿನಲ್ಲೇ ನಿಂತಿತು. ಹುಡುಗ ನಾಲಿಗೆ ಕಚ್ಚಿ, ತುದಿಗಾಲಲ್ಲಿ ನಿಂತು ಪ್ರಯತ್ನಪಟ್ಟ. ತುದಿಗಾಲಲ್ಲಿ ನಿಂತರೆ ಕೈ ಉದ್ದವಾಗುತ್ತದೆಯೇ? ನಾನು ನಕ್ಕು, ಅವನ ತಲೆಯ ಮೇಲೆ ಅಂಗೈ ಇಟ್ಟು, ಕತ್ತನ್ನು ಬಲಕ್ಕೆ ಬಾಗಿಸಿದೆ. ಬೆರಳ ತುದಿ ಕಿವಿಗೆ ತಾಗಿತು. "ಮುಟ್ತು ಮಾಸ್ತರ" ಎಂದು ಅವನು ಕುಣಿದಾಡಿಬಿಟ್ಟ. ಶಾಬಾಸ್ ಎಂದೆ. ಆರು ಎಂದು ಬರೆದರೆ ಯಾರಾದರೂ ಅನುಮಾನಪಟ್ಟಾರೆಂದು ಏಳು ದಾಟಿದಂತೆ, ನಿಜಕ್ಕಿಂತ ಮೂರು ವರ್ಷ ಹಿಂದಿನ ದಿನ ಬರೆದೆ. ಆ ವಾರ ಬಂದ ಏಳೂ ಮಕ್ಕಳು ನನ್ನ ಲೇಖನಿಯಲ್ಲಿ ಒಂದೇ ದಿನ ಹುಟ್ಟಿದರು. ತನಿಖೆ ಸಾಹೇಬರು ಬಂದು ಮೂವತ್ತು ತಲೆ ಎಣಿಸಿ, ಬಾಳೆಹಣ್ಣು ತಿಂದು, ಸಹಿ ಹಾಕಿ ಹೋದರು. ನನಗೆ ಅದು ಸುಳ್ಳು ಅನ್ನಿಸಲೇ ಇಲ್ಲ. ಊರೂರಿನ ಮಾಸ್ತರರು ಮಾಡುತ್ತಿದ್ದದ್ದೇ ಅದು.

ಆ ತುಕಾರಾಮ ಈಗ ಹಾಜತಿನಲ್ಲಿದ್ದ. ನೋಡಲು ಹೋದೆ. ಸರಳಿನ ಆಚೆ ಸಣ್ಣ ಹೆಗಲಿನ, ದೊಡ್ಡ ಕಣ್ಣಿನ ಹುಡುಗ. ನನ್ನನ್ನು ಕಂಡದ್ದೇ ಎದ್ದು ನಿಂತ, ಸಾಲೆಯಲ್ಲಿ ನಿಂತ ಹಾಗೆ.

"ಖಂಡೆಪ್ಪ ಮುತ್ಯಾ ಅಲ್ಲಿದ್ದಾನಂತ ಗೊತ್ತಿದ್ದಿಲ್ರಿ ಮಾಸ್ತರ" ಎಂದ. ಇದನ್ನು ಮೂರು ಸಲ ಹೇಳಿದ.

"ವಯಸ್ಸು ಕೇಳಿದ್ರೇನು ನಿನಗ?"

"ಕೇಳಿದ್ರು. ಹದಿನೆಂಟು ಅಂತ ಹೇಳೀನ್ರಿ. ಹೌದೇನಲೇ ಅಂತ ನಕ್ಕರು. ನಮ್ಮ ಮಾಸ್ತರ ಸ್ವತಃ ಪರೀಕ್ಷಾ ನೋಡಿ ಬರದಾರ, ನನ್ನ ಕೈ ಕಿವಿಗಿ ಮುಟ್ಟಿತ್ತು ಅಂತ ಹೇಳೀನಿ." ಹೇಳುವಾಗ ಅವನ ದನಿಯಲ್ಲಿ ಹೆಮ್ಮೆ ಇತ್ತು. ಜೀವನದಲ್ಲಿ ಅವನು ಪಾಸಾದ ಪರೀಕ್ಷೆ ಅದೊಂದೇ ಇರಬೇಕು.

ಮರುದಿನ ಕಮಲಾಪುರಕ್ಕೆ ಹೋಗಿ ಗೌಡರ ತೋಟದ ಬಾವಿ ನೋಡಿದೆ. ಕಟ್ಟೆಯ ಕಲ್ಲಿನಲ್ಲಿ ಕಟ್ಟಿಸಿದ ವರ್ಷ ಕೆತ್ತಿತ್ತು. ನಿಜಾಮರ ಸರಕಾರದ ಫಸಲಿ ಲೆಕ್ಕದಲ್ಲಿ 1347. ಅಂದರೆ ಇಸವಿ 1937-38, ಹುಡುಗನಿಗೆ ಈಗ ಹದಿನೈದು. ಹದಿನೈದಾದರೆ ಮಕ್ಕಳ ಕಾಯ್ದೆ, ಓದು, ಕಸುಬು, ಮೂರು ವರ್ಷ ಕಳೆದು ಮನೆ. ರಿಜಿಸ್ಟರಿನ ಹದಿನೆಂಟಾದರೆ ದೊಡ್ಡವರ ಜೈಲು. ಸುಟ್ಟ ಬಣವೆಯ ಜಾಗ ಬಾವಿಯಿಂದ ಕಾಣುತ್ತಿತ್ತು. ಕರಿ ನೆಲ ಇನ್ನೂ ಕರಕಲು ವಾಸನೆ ಹೊಡೆಯುತ್ತಿತ್ತು, ನಾಯಿಗಳೂ ಅದನ್ನು ಸುತ್ತು ಹಾಕಿಕೊಂಡು ಹೋಗುತ್ತಿದ್ದವು.

ದೌಲಪ್ಪಗೌಡರು ಬಾಳೆಯ ಸಾಲಿನಿಂದ ಹೊರಗೆ ಬಂದರು. ಯಾವಾಗಿನಿಂದ ನೋಡುತ್ತಿದ್ದರೋ ಗೊತ್ತಿಲ್ಲ. ಆಳಿನ ಕೈಯಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ತರಿಸಿ ನನ್ನ ಮುಂದೆ ಇಟ್ಟರು.

"ಬಾವಿ ಕಲ್ಲು ಓದಾಕ ಕಲಬುರಗಿಯಿಂದ ಬಂದೀರಲ್ಲ, ವಕೀಲರ" ಎಂದರು. "ತಿನ್ರಿ. ನಮ್ಮ ತ್ವಾಟದವು."

"ಹುಡುಗ ಸಣ್ಣಾವ ಅದಾನ, ಗೌಡ್ರ. ನಿಮಗೂ ಗೊತ್ತದ."

"ನನಗೇನ್ ಗೊತ್ತು? ರಿಜಿಸ್ಟರಿಗಿ ಗೊತ್ತು. ಸಾಲಿ ಕಮಿಟಿ ಪೆಟ್ಟಿಗಿ ನಮ್ಮ ಮನ್ಯಾಗೇ ಅದ. ಹತ್ತು ವರ್ಷ ಆದ್ರೂ ಒಂದು ಹುಳ ಹಚ್ಚಗೊಟ್ಟಿಲ್ಲ. ನಿಮ್ಮ ಅಕ್ಷರ ಮುತ್ತಿನಂಗ ಅದಾವ." ಅವರು ಒಂದು ಹಣ್ಣು ಸುಲಿದು ತಾವೇ ತಿಂದರು. "ಬರದದ್ದು ಸುಳ್ಳು ಅಂದ್ರ, ಬರದಾಂವ ಯಾರು ಅಂತ ಜಡ್ಜ ಕೇಳ್ತಾನ. ಸರಕಾರಿ ಪುಸ್ತಕದಾಗ ಸುಳ್ಳು ಬರದಾಂವಗ ಸನದು ಇರ್ತದೇನ್ರಿ? ನನಗ ಕಾಯ್ದೆ ತಿಳಿಯಂಗಿಲ್ಲ, ಅದಕ್ಕ ಕೇಳಾಕತ್ತೀನಿ."

ಅವರ ಮಾತಿನಲ್ಲಿ ಸಿಟ್ಟಿರಲಿಲ್ಲ. ಅದೇ ನನ್ನನ್ನು ಹೆಚ್ಚು ಹೆದರಿಸಿತು. ಬಸ್ಸಿನಲ್ಲಿ ಕೂತಾಗ ನೋಡಿದರೆ ಆ ಚಿಪ್ಪು ನನ್ನ ಚೀಲದಲ್ಲಿತ್ತು. ಬೇಡ ಎನ್ನಲೂ ನನಗೆ ಬಾಯಿ ಬಂದಿರಲಿಲ್ಲ.

ಫೆಬ್ರವರಿ ಒಂಬತ್ತಕ್ಕೆ ರಿಜಿಸ್ಟರು ಕೋರ್ಟಿಗೆ ಬಂತು. ಬೆಂಕಿ ಹಚ್ಚಿದ್ದನ್ನು ಹುಡುಗ ಒಪ್ಪಿಕೊಂಡಿದ್ದರಿಂದ ಉಳಿದ ಪ್ರಶ್ನೆ ವಯಸ್ಸಿನದೊಂದೇ. ಜಹೀರುದ್ದೀನ್ ಸಾಹೇಬರು ಪುಟ ತೆರೆದು ಓದಿದರು, ಹುಡುಗನ ಕಡೆ ನೋಡಿದರು, ಮತ್ತೆ ಪುಟದ ಕಡೆ ನೋಡಿದರು. ಅವರ ಹುಬ್ಬು ಗಂಟಾಯಿತು. ಆ ಹುಡುಗನನ್ನು ನೋಡಿದ ಯಾರಿಗೂ ಹದಿನೆಂಟು ಅನ್ನಿಸುವಂತಿರಲಿಲ್ಲ. ಆದರೆ ಕಂಡಂತೆ ನಿರ್ಣಯಿಸುವ ಅಧಿಕಾರವನ್ನು ನಾನೇ ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದ್ದೆ.

"ವಕೀಲ್ ಸಾಹೇಬ್," ಎಂದು ನಿಧಾನವಾಗಿ ಕೇಳಿದರು, "ಈ ರಿಜಿಸ್ಟರಿನ ಬಗ್ಗೆ ನಿಮ್ಮ ತಕರಾರು ಏನಾದರೂ ಇದೆಯೇ?"

ಕೇಳಿ ಅವರು ಕಾದರು. ಬೇರೆ ದಿನ ಅಷ್ಟು ಕಾಯುವವರಲ್ಲ. ನಾನು ಎದ್ದು ನಿಂತಿದ್ದೆ. ಬಾವಿಯ ಕಲ್ಲಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹಿಂದಿನ ಸಾಲಿನಲ್ಲಿ ದೌಲಪ್ಪಗೌಡರು ಕೈಕಟ್ಟಿ ಕೂತಿದ್ದರು. ನನ್ನ ಕಣ್ಣ ಮುಂದೆ ಗೋಡೆಯ ಮೇಲಿನ ಚೌಕಟ್ಟು ಬಂತು, ಬೆಲ್ಲದ ತಕ್ಕಡಿ ಬಂತು. ಬೇರೆ ದಾರಿಯಿಂದ ಉಳಿಸಿದರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮುದುಕ ಅಲ್ಲಿದ್ದದ್ದು ಹುಡುಗನಿಗೆ ಗೊತ್ತಿರಲಿಲ್ಲ ಎಂದು ವಾದಿಸಿದರೆ ಶಿಕ್ಷೆ ಕಡಿಮೆಯಾಗುತ್ತದೆ. ಹೀಗೆ ಹೇಳಿಕೊಳ್ಳಲು ನನಗೆ ಎಷ್ಟು ಹೊತ್ತು ಬೇಕಾಯಿತು? ಒಂದು ಉಸಿರು.

"ಇಲ್ಲ, ಹುಜೂರ್" ಎಂದೆ.

ಸಾಹೇಬರು ರಿಜಿಸ್ಟರಿನ ಮೇಲೆ ಗುರುತು ಹಾಕಿದರು. ನನ್ನ ಪಕ್ಕದಲ್ಲಿ ನಬಿಸಾಬನ ಲೇಖನಿ ನಿಂತುಬಿಟ್ಟಿತು.

ಕೋರ್ಟಿನಿಂದ ಸ್ಟೇಶನ್ ಬಜಾರದವರೆಗೆ ಅವನು ನನಗಿಂತ ಹತ್ತು ಹೆಜ್ಜೆ ಮುಂದೆ ನಡೆದ. ಕಚೇರಿಯ ಮೆಟ್ಟಿಲ ಬುಡದಲ್ಲಿ ನಿಂತ.

"ನಿಮ್ಮ ಅಕ್ಷರ ನನಗ ಗುರ್ತ ಸಿಗ್ತದ್ರಿ, ಸಾಹೇಬ್ರ. ಮೂರೂವರಿ ವರ್ಷ ಆತು, ನಕಲ ಮಾಡಾಕತ್ತೀನಿ. ಒಂದು ಪುಟದಾಗ ಏಳು ಹುಡುಗರು, ಏಳೂ ಒಂದೇ ದಿನ ಹುಟ್ಯಾವ. ನೀವು ಹೇಳ್ತೀರಿ, ಈಗ ಹೇಳ್ತೀರಿ ಅಂತ ಕಾಯಾಕತ್ತಿದ್ದೆ."

ನಾನು ಮೆಟ್ಟಿಲ ಮೇಲೆ ಕಾಲಿಟ್ಟೆ, ಅವನು ತಡೆದ.

"ಬರ್ರಿ, ಮನಿಗಿ ಹೋಗಮಿ. ಚಾ ಕುಡದು ಹೋಗ್ರಿ."

ಮೂರೂವರೆ ವರ್ಷದಲ್ಲಿ ನಾನು ಅವನ ಮನೆಗೆ ಹೋಗಿರಲಿಲ್ಲ. ಅವನು ಕರೆದಿರಲೂ ಇಲ್ಲ. ಅವನ ಹೆಂಡತಿ ಮಸ್ತಾನಬಿ ಸೆರಗು ಎಳೆದುಕೊಂಡು ಚಹಾ ತಂದಿಟ್ಟಳು. ಚಾಂದಪಾಶಾ ಒಳಗೋಡೆಗೆ ಬೆನ್ನು ಹಚ್ಚಿ, ಬಾಗಿಲಿನ ಮೇಲೆ ಕಣ್ಣು ನೆಟ್ಟು ಕೂತಿದ್ದ. ಈಗ ಅವನಿಗೆ ನಿಜವಾಗಿಯೂ ಹದಿನೆಂಟು. ಅವನಿಗೆ ಬಾಗಿಲು ಕಾಣಬೇಕು, ನಡುವೆ ಯಾರೂ ನಿಲ್ಲಬಾರದು ಎಂದು ಮಸ್ತಾನಬಿ ನನ್ನನ್ನು ಮೆತ್ತಗೆ ಪಕ್ಕಕ್ಕೆ ಸರಿಯಲು ಹೇಳಿದಳು. ನಾನು ಸರಿದೆ. ಸರಿಯುವಾಗ ನನ್ನ ಕೋಟಿನ ಕಿಸೆಯಲ್ಲಿ ಕಚೇರಿಯ ಕೀಲಿಕೈ ಗೊಂಚಲು ಝಲ್ಲೆಂದಿತು.

ಹುಡುಗ ಕೂತಲ್ಲೇ ಮೊಣಕಾಲು ಅಪ್ಪಿಕೊಂಡ. ಅವನ ಪಾಯಿಜಾಮ ಒದ್ದೆಯಾಯಿತು. ನೀರು ನೆಲದ ಮೇಲೆ ಹರಿದು ನನ್ನ ಚಪ್ಪಲಿಯ ಹತ್ತಿರ ಬಂತು. ಮಸ್ತಾನಬಿ ಅರಿವೆ ತಂದು ಒರೆಸಿದಳು. ದಿನಾ ಮಾಡುವ ಕೆಲಸದ ಹಾಗೆ ಒರೆಸಿದಳು.

"ಎಂಟು ತಿಂಗಳಿದ್ದ ಅಲ್ಲಿ, ಅಷ್ಟೇ" ಎಂದ ನಬಿಸಾಬ್.

ಆಮೇಲಿನ ಹತ್ತು ದಿನ ನಾನು ಹೇಗೆ ಕಳೆದೆನೋ. ನನ್ನ ಮೇಲೇ ನನಗೆ ಅಸಹ್ಯವಾಗಿತ್ತು. ಚೌಕಟ್ಟು ಒರೆಸುವುದನ್ನು ಬಿಟ್ಟೆ. ಕೊನೆಗೆ ನಿರ್ಧಾರ ಮಾಡಿದೆ. ಸನದು ಹೋಗಲಿ, ಬೆಲ್ಲ ತೂಗುತ್ತೇನೆ. ಆ ನಿರ್ಧಾರದಿಂದ ಮನಸ್ಸು ಎಷ್ಟು ಹಗುರಾಯಿತೆಂದರೆ, ಅಷ್ಟು ಹಗುರಾಗುವ ಹಕ್ಕು ನನಗಿಲ್ಲ ಎಂಬುದೂ ಹೊಳೆಯಲಿಲ್ಲ.

ಫೆಬ್ರವರಿ ಹತ್ತೊಂಬತ್ತಕ್ಕೆ ಪ್ರಕರಣ ಕರೆದದ್ದೇ ತಡ, ನಾನು ಎದ್ದು ಎಲ್ಲ ಹೇಳಿಬಿಟ್ಟೆ. ತನಿಖೆಯ ಹುಕುಂ, ಏಳು ಮಕ್ಕಳು, ತಲೆಯ ಮೇಲೆ ಇಟ್ಟ ನನ್ನ ಅಂಗೈ, ಬಾವಿಯ ಕಲ್ಲು. ಆ ಪುಟ ಬರೆದವನು ನಾನು, ಬರೆದದ್ದು ಸುಳ್ಳು, ಹುಡುಗನಿಗೆ ಹದಿನೈದು, ನನ್ನ ಮೇಲೆ ಏನು ಬೇಕಾದರೂ ಕ್ರಮ ಕೈಕೊಳ್ಳಿ ಎಂದೆ. ಕಟಕಟೆಯಲ್ಲಿ ತುಕಾರಾಮ ಬಾಯಿ ತೆರೆದು ನನ್ನನ್ನೇ ನೋಡುತ್ತಿದ್ದ; ಸಾಲೆಯಲ್ಲಿ ಕಲಿತ ಉರ್ದು ಅವನಿಗೆ ಅಷ್ಟಕ್ಕೆ ಸಾಕಾಗಿತ್ತು.

ಜಹೀರುದ್ದೀನ್ ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಾಯ್ದೆಯ ಪುಸ್ತಕ ತೆರೆದು ಆರನೆಯ ಕಲಮನ್ನು ಗಟ್ಟಿಯಾಗಿ ಓದಿದರು. ರಿಜಿಸ್ಟರು ಹಾಜರಾದ ದಿನವೇ ಹೇಳತಕ್ಕದ್ದು. ಆ ದಿನ ದಾಟಿದ ಮೇಲೆ ಯಾರ ಸಾಕ್ಷಿಯನ್ನೂ ಕೇಳತಕ್ಕದ್ದಲ್ಲ.

"ಇದು ನಿಮ್ಮ ಬರಹ" ಎಂದರು. "ರಿಜಿಸ್ಟರೇ ತಪ್ಪಿದ್ದರೆ ಎಂದು ನಾನು ಆವತ್ತು ಕೇಳಿದ್ದೆ. ಹತ್ತು ದಿನದ ಹಿಂದೆ ಇದೇ ಜಾಗದಲ್ಲಿ ಮತ್ತೆ ಕೇಳಿದೆ. ಕೇಳಿ ಕಾದೆ. ನೀವು ಇಲ್ಲ ಅಂದಿರಿ."

"ಹುಡುಗನ ಮುಖ ನೋಡಿ, ಹುಜೂರ್."

"ನೋಡಿದ್ದೇನೆ. ಇವತ್ತು ನಿಮ್ಮ ಮಾತು ಕೇಳಿದರೆ, ನಾಳೆ ಪ್ರತಿ ಮಗುವಿನ ಮೇಲೆ ಪೊಲೀಸರು ಒಬ್ಬೊಬ್ಬ ಪಟೇಲನನ್ನು ತಂದು ನಿಲ್ಲಿಸುತ್ತಾರೆ. ಅವರ ಮಾತನ್ನೂ ಕೇಳಬೇಕಾಗುತ್ತದೆ. ಸಭೆಯಲ್ಲಿ ಇದನ್ನು ನನಗೆ ತಿಳಿಸಿ ಹೇಳಿದವರು ನೀವೇ." ಅವರು ಪುಸ್ತಕ ಮುಚ್ಚಿದರು. "ನೀವು ಈಗ ಹೇಳಿದ್ದನ್ನು ಕೋರ್ಟು ಕೇಳಿಲ್ಲ. ಕೇಳಿಲ್ಲವಾದ್ದರಿಂದ ದಾಖಲೆಯಲ್ಲಿ ಬರುವುದಿಲ್ಲ. ನಿಮ್ಮ ಸನದಿಗೂ ಏನೂ ಆಗುವುದಿಲ್ಲ."

ಏಳು ವರ್ಷ ಕಠಿಣ ಸಜೆ. ದೊಡ್ಡವರ ಜೈಲಿನಲ್ಲಿ. ಹೈದರಾಬಾದಿನ ಹೈಕೋರ್ಟಿಗೆ ನಾನು ಹಾಕಿದ ಅಪೀಲು ಆಮೇಲೆ ಎರಡು ಸಾಲಿನಲ್ಲಿ ವಜಾ ಆಯಿತು. ಎರಡನೆಯ ಸಾಲಿನಲ್ಲಿ ಆರನೆಯ ಕಲಮಿನ ನಂಬರಿತ್ತು.

ತೀರ್ಪು ಬರೆದಿಡುವಷ್ಟರಲ್ಲಿ ನಬಿಸಾಬ್ ಎದ್ದು ಹೋಗಿದ್ದ. ಅವನ ಲೇಖನಿ, ದವತಿ ನನ್ನ ಮೇಜಿನ ಮೇಲೆಯೇ ಇದ್ದವು. ಅವನು ನನ್ನ ಕಚೇರಿಗೆ ತಿರುಗಿ ಬರಲಿಲ್ಲ. ಬಾ ಎಂದು ಕರೆಯಲು ನನಗೆ ಮುಖವಿರಲಿಲ್ಲ.

ಪುತಳಾಬಾಯಿ ಪಡಸಾಲೆಯ ಕಂಬಕ್ಕೆ ಒರಗಿ ನಿಂತಿದ್ದಳು. ಒಳಗೆ ಉರ್ದುವಿನಲ್ಲಿ ನಡೆದದ್ದು ಅವಳಿಗೆ ತಿಳಿದಿರಲಿಲ್ಲ. "ಸಣ್ಣಾವ ಅಂತ ಬರದ್ರೇನ್ರಿ, ಮಾಸ್ತರ?" ಎಂದು ಕೇಳಿದಳು. ನಾನು ಇಲ್ಲ ಎಂದು ತಲೆ ಅಲ್ಲಾಡಿಸಿದೆ. ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಅಲ್ಲಾಡಿಸಿದೆ.

ಅಷ್ಟರಲ್ಲಿ ತುಕಾರಾಮನನ್ನು ಹೊರಗೆ ತಂದರು. ಬೇಡಿ ಹಾಕಿದ್ದರು. ದೊಡ್ಡವರ ಬೇಡಿ, ಅವನ ಮುಂಗೈಯಲ್ಲಿ ಸಡಿಲಾಗಿ ಮೇಲೆ ಕೆಳಗೆ ಆಡುತ್ತಿತ್ತು. ನನ್ನೆದುರು ಬಂದಾಗ ನಿಂತ. ಸಜೆಯ ಬಗ್ಗೆ ಕೇಳುತ್ತಾನೆ, ಅವ್ವನ ಬಗ್ಗೆ ಕೇಳುತ್ತಾನೆ ಎಂದುಕೊಂಡೆ. ಅವನ ಕಣ್ಣಲ್ಲಿ ನೀರಿತ್ತು, ಆದರೆ ಅವನು ಅಳುತ್ತಿದ್ದದ್ದು ಬೇರೆಯದಕ್ಕೆ.

"ಮುಟ್ಟಿಲ್ಲ ಅಂತ ಯಾಕ ಹೇಳಿದ್ರಿ, ಮಾಸ್ತರ? ಎಲ್ಲರ ಮುಂದ?"

"ತುಕಾರಾಮ..."

"ಮುಟ್ಟಿತ್ರಿ. ನೀವೇ ಶಾಬಾಸ್ ಅಂದಿದ್ರಿ. ನೋಡ್ರಿ ಬೇಕಾದ್ರ."

ಅವನು ಬಲಗೈ ಎತ್ತಿದ. ಬೇಡಿ ಇದ್ದದ್ದರಿಂದ ಎಡಗೈಯೂ ಅದರ ಹಿಂದೆ ಮೇಲೆ ಹೋಯಿತು. ಎರಡೂ ಕೈ ತಲೆಯ ಮೇಲೆ ಹಾಯ್ದು, ಬಲಗೈಯ ಬೆರಳುಗಳು ಎಡಗಿವಿಯನ್ನು ಪೂರ್ತಿ ಹಿಡಿದುಕೊಂಡವು. ಈ ಸಲ ಅವನ ಕತ್ತು ನೆಟ್ಟಗೇ ಇತ್ತು. ಹಾಗೆಯೇ ಕಿವಿ ಹಿಡಿದು, ನಾನು ಹೌದು ಅನ್ನಲಿ ಎಂದು ನನ್ನ ಮುಖ ನೋಡುತ್ತಾ ನಿಂತ.

"ಹೌದು, ಮುಟ್ಟಿತ್ತು" ಎಂದೆ.

ಪೊಲೀಸಿನವನು ಸೊಂಟದ ಹಗ್ಗ ಜಗ್ಗಿದ. ಹುಡುಗ ಕೈ ಇಳಿಸಿ ಅವನ ಹಿಂದೆ ನಡೆದ.